ಲೋವೆಲ್ ರುಸ್ತಾದನ ಐದಡಿ ರ‍್ಯಾಂಪು

ನಲವತ್ತೊಂದು ವರ್ಷ ಬೆಣ್ಣೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಲೋವೆಲ್ ರುಸ್ತಾದ್, ಮನೆಯಲ್ಲಿ ಕೂತ ಹನ್ನೊಂದನೆಯ ದಿನ ಹೆಂಡತಿಯ ಮಸಾಲೆ ಡಬ್ಬಿಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದ. ಅಮೆರಿಕದ ಮಿನೆಸೋಟ ರಾಜ್ಯದ ಪಶ್ಚಿಮ ಭಾಗದಲ್ಲಿರುವ ನಮ್ಮ ವೆಸ್ಟ್ ಬೆರ್ಗನ್ ಟೌನ್‌ಶಿಪ್ಪಿನ ಅಡುಗೆಮನೆಗಳಲ್ಲಿ ಮಸಾಲೆ ಎಂದರೆ ಉಪ್ಪು, ಮೆಣಸಿನ ಪುಡಿ, ದಾಲ್ಚಿನ್ನಿ, ಮೂರೇ ಮೂರು. ಆ ಮೂರನ್ನು ಜೋಡಿಸಲು ಅವನಿಗೆ ಇಡೀ ಬೆಳಗ್ಗೆ ಬೇಕಾಯಿತು. ಹನ್ನೆರಡನೆಯ ದಿನ ಚಮಚಗಳನ್ನು ಉದ್ದದ ಪ್ರಕಾರ ಮಲಗಿಸಿದ. ಹದಿಮೂರನೆಯ ದಿನ, ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದ ಹೆಂಡತಿ ಆರ್ಡಿಸ್‌ಳ ಬೆನ್ನ ಹಿಂದೆ ನಿಂತು, "ಕಾರ್ಖಾನೆಯಲ್ಲಾಗಿದ್ರೆ ನಾವು ಇದನ್ನ ಎಡಗಡೆಯಿಂದ ಶುರು ಮಾಡ್ತಿದ್ವಿ" ಎಂದ. ಬೆಣ್ಣೆ ಕಾರ್ಖಾನೆಗೆ ಆಲೂಗಡ್ಡೆ ಯಾವಾಗ ಬಂದಿತ್ತು ಎಂದು ಅವಳು ಕೇಳಲಿಲ್ಲ. ಚಾಕು ಕೆಳಗಿಟ್ಟಳು.

"ನೋಡು ಲೋವೆಲ್, ಈ ತಿಂಗಳು ಮುಗಿಯೋದ್ರೊಳಗೆ ಮನೆ ಹೊರಗೆ ಒಂದು ಕೆಲಸ ಹುಡುಕ್ಕೋ. ಸಂಬಳ ಇರ‍್ಲಿ, ಬಿಡ್ಲಿ. ನನಗೆ ಬೇಕಾಗಿರೋದು ನೀನು ಹೊರಗಿರೋದು. ಇಲ್ಲಾಂದ್ರೆ ನಾನು ಫಾರ್ಗೋಗೆ, ಅಕ್ಕನ ಮನೆಗೆ ಹೋಗ್ತೀನಿ."

ಲೋವೆಲ್‌ನ ಕಾಲು ತಾನಾಗಿ ಎರಡು ಹೆಜ್ಜೆ ಹಿಂದೆ ಸರಿಯಿತು. ಕಾರಣ, ನಮ್ಮಲ್ಲಿ ಯಾರೂ ಇಷ್ಟು ನೇರವಾಗಿ ಮಾತಾಡುವುದಿಲ್ಲ. ನಮ್ಮ ಅಜ್ಜಂದಿರು ನಾರ್ವೆಯಿಂದ ಹೊರಟಾಗ ಉಪ್ಪು ಮೀನನ್ನೂ ಸಂಕೋಚವನ್ನೂ ಹಡಗಿಗೇರಿಸಿದ್ದರು. ಮೀನು ದಾರಿಯಲ್ಲೇ ಮುಗಿಯಿತು, ಸಂಕೋಚ ಇನ್ನೂ ಮುಗಿದಿಲ್ಲ. "ಅಷ್ಟೇನೂ ಕೆಟ್ಟದಲ್ಲ" ಎಂಬುದು ನಮ್ಮ ಅತಿದೊಡ್ಡ ಹೊಗಳಿಕೆ. ಮದುವೆಯ ದಿನ ಮದುಮಗಳನ್ನು ನೋಡಿ ಲೋವೆಲ್ "ಪರವಾಗಿಲ್ಲ" ಎಂದಾಗ, ಅವನ ಉತ್ಕಟ ಪ್ರೇಮಕ್ಕೆ ಕರಗಿ ಇಬ್ಬರು ಚಿಕ್ಕಮ್ಮಂದಿರು ಕಣ್ಣೊರೆಸಿಕೊಂಡಿದ್ದರು. ಅಂಥ ಊರಿನಲ್ಲಿ ಹೆಂಡತಿ "ಹೋಗ್ತೀನಿ" ಎಂದು ಬಾಯಿಬಿಟ್ಟು ಹೇಳಿದಳೆಂದರೆ ಮನಸ್ಸಿನಲ್ಲಿ ಅವಳು ಆಗಲೇ ಅರ್ಧ ದಾರಿ ಹೋಗಿಯಾಗಿದೆ ಎಂದೇ ಅರ್ಥ.

ದೇವರು ದೊಡ್ಡವನು. ನಮ್ಮ ಮೂರು ಸ್ಮಶಾನಗಳ ಹುಲ್ಲು ಕೊಯ್ಯುತ್ತಿದ್ದ ಮುದುಕ ಅದೇ ವಾರ ಮಂಡಿನೋವೆಂದು ಅರಿಜೋನಾಕ್ಕೆ ಹೊರಟುಹೋದ. ಸೋಮವಾರ, ಪಂಚಾಯ್ತಿಯಂಥ ನಮ್ಮ ಟೌನ್‌ಶಿಪ್ ಮಂಡಳಿಯ ಸಭೆಯಲ್ಲಿ ಲೋವೆಲ್ ಎದ್ದುನಿಂತು, ಬೇರೆ ಯಾರೂ ಸಿಗದಿದ್ದರೆ, ಯಾರಿಗೂ ತೊಂದರೆಯಾಗದಿದ್ದರೆ, ತಾನು ಆ ಕೆಲಸವನ್ನು ಸುಮ್ಮನೆ ನೋಡಬಹುದೇನೋ ಎಂದು ನಿವೇದಿಸಿಕೊಂಡ. ನಮ್ಮಲ್ಲಿ ಇದು ಕಾಲಿಗೆ ಬಿದ್ದು ಬೇಡಿಕೊಂಡ ಹಾಗೆ.

ಅಧ್ಯಕ್ಷ ಅರ್ವಿಡ್ ಕಾಫಿ ಲೋಟದೊಳಗೆ ನೋಡುತ್ತಾ ಕೇಳಿದ. "ಕೂತು ಓಡಿಸೋ ಹುಲ್ಲಿನ ಯಂತ್ರ ಇದೆಯಾ?"

"ಒಂದು ಇದೆ ಅನ್ನಬಹುದು."

"ಮೂರು ಸ್ಮಶಾನಕ್ಕೂ ಸಾಗಿಸ್ಬೇಕಲ್ಲ. ಟ್ರೈಲರ್?"

"ಅದೂ ಒಂದು ಇದೆ."

"ರ‍್ಯಾಂಪು?"

ಟ್ರೈಲರಿನ ಮೇಲಕ್ಕೆ ಯಂತ್ರವನ್ನು ಹತ್ತಿಸುವ, ಇಳಿಸುವ ಜೋಡಿ ಏರುಹಲಗೆಗಳೇ ಈ ರ‍್ಯಾಂಪು. ಲೋವೆಲ್ ಹರಾಜಿನಲ್ಲಿ ಹಿಡಿದ ಟ್ರೈಲರಿಗೆ ಚಕ್ರಗಳಿದ್ದವು, ದೀಪಗಳಿದ್ದವು, ರ‍್ಯಾಂಪು ಮಾತ್ರ ಇರಲಿಲ್ಲ. "ಇಲ್ಲ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಣ್ಣ ಮುಂದೆ ಫಾರ್ಗೋ ಕುಣಿಯುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡು, "ರ‍್ಯಾಂಪಿನ ವಿಷಯ ನಾನು ಸ್ವಲ್ಪ ಆಳವಾಗೇ ಯೋಚನೆ ಮಾಡಿದೀನಿ" ಎಂದುಬಿಟ್ಟ.

ಸಭೆ ಗಂಭೀರವಾಯಿತು. ರ‍್ಯಾಂಪಿನ ವಿಷಯ ಆಳವಾಗಿ ಯೋಚಿಸಿದವರು ನಮ್ಮ ಟೌನ್‌ಶಿಪ್ಪಿನಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. "ಹಾಗಾದ್ರೆ ಶನಿವಾರ ಬೆಳಿಗ್ಗೆ ದೊಡ್ಡ ಸ್ಮಶಾನಕ್ಕೆ ಯಂತ್ರ ತಂದು ಒಂದು ಸುತ್ತು ಕೊಯ್ದು ತೋರಿಸು. ಅವಸರ ಏನಿಲ್ಲ" ಎಂದ ಅರ್ವಿಡ್.

ಸಭೆ ಮುಗಿದ ಮೇಲೆ ಪಕ್ಕದ ಹೊಲದ ಪಾಲ್ಮರ್ ಅವನ ಜೊತೆಗೇ ಹೊರಗೆ ಬಂದ. ಇಬ್ಬರೂ ಐವತ್ತು ವರ್ಷದ ಸ್ನೇಹಿತರು. ಅಂದರೆ ಐವತ್ತು ವರ್ಷದಿಂದ ಬೇಲಿಯ ಆಚೀಚೆ ನಿಂತು ಹವಾಮಾನ ಮಾತಾಡಿದವರು.

"ನನ್ನ ಶೆಡ್ಡಲ್ಲಿ ಒಂದು ಜೊತೆ ರ‍್ಯಾಂಪು ಬಿದ್ದಿದೆ ಕಣೋ. ಎಂಟಡಿಯವು. ಬೇಕಾದ್ರೆ ತಗೊಂಡೋಗು."

"ಅಯ್ಯೋ, ಬೇಡ ಬೇಡ. ನಿನಗೆ ಬೇಕಾಗತ್ತೆ."

"ನನಗ್ಯಾಕೋ ಬೇಕು? ತುಕ್ಕು ಹಿಡೀತಾ ಬಿದ್ದಿವೆ. ತಗೋ."

"ಛೆ, ನಿನಗ್ಯಾಕೆ ತೊಂದರೆ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಏನನ್ನೇ ಆಗಲಿ ಮೂರು ಸಲ ಕೊಡಬೇಕು. ಮೊದಲ ಎರಡು ಸಲ ಬೇಡವೆನ್ನುವುದು ಮರ್ಯಾದೆ, ಮೂರನೆಯ ಸಲ "ನೀನು ಅಷ್ಟು ಹೇಳೋದಾದ್ರೆ" ಎಂದು ತೆಗೆದುಕೊಳ್ಳುವುದು ಪದ್ಧತಿ. ಕಾಫಿಯೂ ಹೀಗೇ, ಕೇಕೂ ಹೀಗೇ, ಹೆಣ್ಣು ಕೊಡುವುದೂ ಹೆಚ್ಚುಕಡಿಮೆ ಹೀಗೇ. ಪಾಲ್ಮರ್ ಮೂರನೆಯ ಸಲಕ್ಕೆ ಬಾಯಿ ತೆರೆದ. ಲೋವೆಲ್ "ನೀನು ಅಷ್ಟು ಹೇಳೋದಾದ್ರೆ" ಎಂಬುದನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದ. ಅಷ್ಟರಲ್ಲಿ ಪಾಲ್ಮರನ ಜೇಬಿನಲ್ಲಿ ಫೋನು ಬಡಿದುಕೊಂಡಿತು: ಅವನ ಹಸುಗಳು ಬೇಲಿ ಮುರಿದು ರಸ್ತೆಗೆ ಬಂದಿವೆಯಂತೆ. ಪಾಲ್ಮರ್ ತೆರೆದ ಬಾಯಿಯಲ್ಲೇ ಟ್ರಕ್ಕು ಹತ್ತಿ ಹೋದ.

ಮೂರನೆಯ ಸಲ ಉಳಿದೇ ಹೋಯಿತು.

ಎರಡು ಸಲ ಬೇಡವೆಂದವನು ತಾನಾಗಿ ಹೋಗಿ ಕೇಳುವುದುಂಟೇ? ಅದಕ್ಕಿಂತ ಕದಿಯುವುದು ಮೇಲು. ಹಾಗಾಗಿ ಮಂಗಳವಾರ ಲೋವೆಲ್ ಸುತ್ತಿಗೆ ಹಿಡಿದು ಪಾಲ್ಮರನ ಗಡಿಯಲ್ಲಿ ಗಟ್ಟಿಮುಟ್ಟಾಗಿದ್ದ ಬೇಲಿಯನ್ನು ರಿಪೇರಿ ಮಾಡಲು ನಿಂತ. ಒಂಬತ್ತು ಗಂಟೆಗೆ ಪಾಲ್ಮರ್ ಬಂದ.

"ಬೇಲಿ ಕೆಲಸಾನಾ?"

"ಹೂಂ."

"ಶನಿವಾರಕ್ಕೆ ಎಲ್ಲಾ ತಯಾರಾ?"

"ಬಹುಮಟ್ಟಿಗೆ. ಎಲ್ಲೋ ಒಂದೆರಡು ಸಣ್ಣಪುಟ್ಟದ್ದು ಬಾಕಿ." ಹೀಗೆನ್ನುತ್ತಾ ಲೋವೆಲ್ ಪಾಲ್ಮರನ ಶೆಡ್ಡಿನ ಕಡೆ ಎಷ್ಟು ಹೊತ್ತು ನೋಡಿದನೆಂದರೆ, ಪಾಲ್ಮರನೂ ತಿರುಗಿ ನೋಡಿದ, ಶೆಡ್ಡಿಗೆ ಬೆಂಕಿ ಬಿದ್ದಿದೆಯೇ ಎಂದು.

"ಒಳ್ಳೇದು" ಎಂದು ಪಾಲ್ಮರ್ ಹೋದ. ಬುಧವಾರವೂ ಹೀಗೇ ಆಯಿತು. ಬೇಲಿಗೆ ಇನ್ನೂರು ಮೊಳೆ ಹೆಚ್ಚಾಯಿತು.

ಆದರೆ ಪಾಲ್ಮರ್ ಒಳಗೊಳಗೇ ನೊಂದಿದ್ದ. ಕಾಫಿ ಅಂಗಡಿಯಲ್ಲಿ ಕೂತು, "ನಾನು ಎಂಟಡಿಯವು ಕೊಡ್ತೀನಿ ಅಂದೆ. ಅವನು ಬೇಡ ಅಂದ. ನಮ್ಮಂಥೋರ ರ‍್ಯಾಂಪು ಅವನಿಗೆಲ್ಲಿ ಹಿಡಿಸತ್ತೆ? ಆಳವಾಗಿ ಯೋಚನೆ ಮಾಡಿದಾನಲ್ಲ" ಎಂದ. ಕೇಳಿದವರು ತಲೆದೂಗಿದರು. ಗುರುವಾರ ಬೆಳಗಾಗುವಷ್ಟರಲ್ಲಿ ಲೋವೆಲ್ ರುಸ್ತಾದನ ಬಳಿ ಯಾರೂ ಕಂಡಿರದಂಥ ರ‍್ಯಾಂಪಿದೆ ಎಂಬ ಸುದ್ದಿ ಮೂರು ಚರ್ಚುಗಳನ್ನು ದಾಟಿತ್ತು. ಜನ ಸಲಹೆಗೆ ಬರತೊಡಗಿದರು. ಸ್ಟೀಲು ಒಳ್ಳೆಯದೋ ಅಲ್ಯೂಮಿನಿಯಮ್ಮೋ ಎಂದು ಒಬ್ಬ ಕೇಳಿದ. ಲೋವೆಲ್ ಆಕಾಶ ನೋಡಿ, "ಅದು ಮನುಷ್ಯನನ್ನ ಅವಲಂಬಿಸಿರತ್ತೆ" ಎಂದ. ಅಷ್ಟು ಗಹನವಾದ ಉತ್ತರ ಕೇಳಿ ಬಂದವನು ಟೋಪಿ ತೆಗೆದ. ಹಾಲಿನ ಮಿಲ್ಫರ್ಡ್ ಬಂದು ರ‍್ಯಾಂಪನ್ನು ಒಮ್ಮೆ ನೋಡಬಹುದೇ ಎಂಬಂತೆ ಕೊಟ್ಟಿಗೆಯ ಕಡೆ ಕತ್ತು ಚಾಚಿದ. ಲೋವೆಲ್‌ನ ಬುದ್ಧಿ ಆ ಗಳಿಗೆಯಲ್ಲಿ ಮಿಂಚಿತು.

"ನೋಡೋದೇನು, ತಗೊಂಡೇ ಹೋಗು ಮಾರಾಯ!"

"ಅಯ್ಯೋ, ಬೇಡಪ್ಪ."

"ತಗೊಂಡೋಗು ಅಂದ್ನಲ್ಲ."

"ಛೆ ಛೆ, ಬೇಡ."

ಅಲ್ಲಿಗೆ ಲೋವೆಲ್ ಗಪ್ಪನೆ ಬಾಯಿ ಮುಚ್ಚಿದ. ಮಿಲ್ಫರ್ಡ್ ಸ್ವಲ್ಪ ಹೊತ್ತು ಮೂರನೆಯದಕ್ಕೆ ಕಾದು, ಕೆಮ್ಮಿ, ಮನೆಗೆ ಹೋದ. ಇಲ್ಲದ ರ‍್ಯಾಂಪನ್ನು ಧಾರಾಳವಾಗಿ ದಾನ ಮಾಡುವ ಈ ವಿದ್ಯೆಯನ್ನು ಲೋವೆಲ್ ಮಧ್ಯಾಹ್ನದೊಳಗೆ ನಾಲ್ವರ ಮೇಲೆ ಪ್ರಯೋಗಿಸಿದ. ಕೊಡುಗೈ ದಾನಿ ಎಂಬ ಹೆಸರೂ ಬಂತು.

ಎರಡು ಗಂಟೆಗೆ ಚರ್ಚಿನ ಹೊಸ ಪಾಸ್ಟರ್ ಯೊಲಾಂಡಾ ಬಂದಳು. ಟೆಕ್ಸಸ್‌ನವಳು, ನಮ್ಮಲ್ಲಿಗೆ ಬಂದು ಎರಡು ತಿಂಗಳಾಗಿತ್ತಷ್ಟೇ.

"ಲೋವೆಲ್ ಅವರೇ, ಊರಲ್ಲಿ ರ‍್ಯಾಂಪು ಅಂದ್ರೆ ನಿಮ್ಮ ಹೆಸರೇ ಹೇಳ್ತಾರೆ! ಚರ್ಚಿನ ತೋಟ ಉಳೋದಕ್ಕೆ ಒಂದು ಪುಟ್ಟ ಯಂತ್ರ ಸಿಕ್ಕಿದೆ. ಪಿಕಪ್ಪಿಗೆ ಹತ್ತಿಸೋದು ಹೇಗೆ ಅಂತ ಗೊತ್ತಾಗ್ತಿಲ್ಲ."

"ಅದಕ್ಕೇನು ಪಾಸ್ಟರ್, ನನ್ನ ರ‍್ಯಾಂಪೇ ತಗೊಂಡೋಗಿ" ಎಂದ ಲೋವೆಲ್, ಅಭ್ಯಾಸಬಲದಿಂದ.

"ಹೌದಾ? ಎಂಥಾ ಒಳ್ಳೆ ಮನುಷ್ಯರಪ್ಪ ನೀವು! ನಾಲ್ಕು ಗಂಟೆಗೆ ಬಂದು ತಗೊಂಡೋಗ್ತೀನಿ."

ಧೂಳೆಬ್ಬಿಸಿಕೊಂಡು ಅವಳು ಹೊರಟೇಹೋದಳು. ಎರಡನೆಯ ಸಲದ ಮಾತು ಬಾಯಲ್ಲೇ ಉಳಿದು ಲೋವೆಲ್ ಅಂಗಳದಲ್ಲಿ ನಿಂತಿದ್ದ. ಅಡುಗೆಮನೆಯ ಕಿಟಕಿಯಿಂದ ಆರ್ಡಿಸ್ ಕೂಗಿದಳು: "ಲೋವೆಲ್, ನಿನ್ನ ಹತ್ರ ರ‍್ಯಾಂಪೇ ಇಲ್ವಲ್ಲ?"

"ಇನ್ನೆರಡು ಗಂಟೇಲಿ ಇರತ್ತೆ!" ಎನ್ನುತ್ತಾ ಅವನು ಟ್ರಕ್ಕಿನ ಕಡೆ ಓಡಿದ.

ಹನ್ನೆರಡು ಮೈಲಿ ಆಚೆ, ಕೃಷಿ ಸಾಮಾನಿನ ಅಂಗಡಿಯಲ್ಲಿ ಡುವೇನ್ ಎಂಬವನು ಮೂವತ್ತು ವರ್ಷದಿಂದ ರ‍್ಯಾಂಪು ಮಾರುತ್ತಿದ್ದ. ಗೋಡೆಗೆ ಮೂರು ಜೊತೆ ಒರಗಿದ್ದವು. ಒಂದು ಹತ್ತಡಿಯದು, ಮಡಚುವಂಥದು, ಬೆಳ್ಳಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಎಂಟಡಿ, ನಡುವೆ ಹದವಾಗಿ ಬಾಗಿದ್ದು. ಮೂಲೆಯಲ್ಲಿ ಐದಡಿಯ ನೆಟ್ಟನೆಯ ಜೊತೆ, ಯಾರದೋ ಮನೆಗೆ ಬಂದ ಬಡ ನೆಂಟರ ಹಾಗೆ ನಿಂತಿತ್ತು.

"ಟ್ರೈಲರಿನ ಹಾಸು ನೆಲದಿಂದ ಎಷ್ಟು ಎತ್ತರ?" ಎಂದು ಡುವೇನ್ ಕೇಳಿದ.

ಎರಡೂವರೆ ಅಡಿ ಎಂದು ಲೋವೆಲ್‌ಗೆ ಚೆನ್ನಾಗಿ ಗೊತ್ತಿತ್ತು. "ಅಷ್ಟೇನೂ ಎತ್ತರ ಇಲ್ಲ. ಎಲ್ಲರದ್ರ ಥರಾನೇ" ಎಂದ.

"ಯಂತ್ರ ಭಾರ ಇದೆಯಾ?"

"ಸಾಧಾರಣ. ದೊಡ್ಡೋರ ಹತ್ರ ಇರೋ ಥರದ್ದಲ್ಲ."

"ಹೊಟ್ಟೆ ತಗ್ಗಾ? ಅಂದ್ರೆ, ಅಲಗಿನ ತಟ್ಟೆ ನೆಲಕ್ಕೆ ಹತ್ತಿರ ಇದೆಯಾ?"

"ತಗ್ಗು ಅಂದ್ರೆ ತಗ್ಗು. ಆದ್ರೆ ಹೇಳ್ಕೊಳ್ಳೋ ಅಷ್ಟೇನಿಲ್ಲ."

ಲೋವೆಲ್‌ನ ಕಣ್ಣು ಎಂಟಡಿಯದರ ಮೇಲಿತ್ತು. ಆದರೆ ಕಣ್ಣಿಗೆ ಬೇಕಾದದ್ದನ್ನೆಲ್ಲ ತೆಗೆದುಕೊಂಡು ನಮ್ಮೂರಲ್ಲಿ ಬದುಕುವುದಕ್ಕಾಗುತ್ತದೆಯೇ? ಹಿಂದೊಮ್ಮೆ ಒಬ್ಬ ಕೆಂಪು ಕಾರು ಕೊಂಡಿದ್ದ. ಅವನು ಸತ್ತು ಹನ್ನೆರಡು ವರ್ಷವಾದರೂ ಜನ ಅವನನ್ನು "ಆ ಕೆಂಪು ಕಾರಿನವನು" ಎಂದೇ ಅನ್ನುತ್ತಾರೆ. ಪಾಲ್ಮರನ ಎಂಟಡಿಯದನ್ನು ಬೇಡವೆಂದು ತಾನೇ ಒಂದು ಎಂಟಡಿಯದು ತಂದರೆ ಸೊಕ್ಕು. ಹತ್ತಡಿಯದು ತಂದರಂತೂ ಊರು ಬಿಡಬೇಕು. ಲೋವೆಲ್ ಮೂಲೆಗೆ ಬೆರಳು ತೋರಿಸಿದ.

"ನಮಗೆ ಇದೇ ಜಾಸ್ತಿ ಆಯ್ತು."

ಹಾಸಿನ ಎತ್ತರಕ್ಕಿಂತ ರ‍್ಯಾಂಪು ಕನಿಷ್ಠ ಮೂರು ಪಟ್ಟು ಉದ್ದವಿರಬೇಕು, ಇಲ್ಲದಿದ್ದರೆ ತಗ್ಗು ಹೊಟ್ಟೆಯ ಯಂತ್ರ ಟ್ರೈಲರಿನ ಅಂಚಿಗೆ ಸಿಕ್ಕಿಬೀಳುತ್ತದೆ ಎಂಬುದು ಡುವೇನನಿಗೆ ತನ್ನ ಹೆಸರಿನಷ್ಟೇ ಗೊತ್ತಿತ್ತು. ಆದರೆ ಗಿರಾಕಿಗೆ ಎದುರಾಡುವುದು ಹೇಗೆ? "ಕೆಲವರು ಇನ್ನೊಂಚೂರು ಉದ್ದದ್ದು ತಗೋತಾರೆ" ಎಂದ. ಬೇರೆ ಊರುಗಳಲ್ಲಿ ಇದನ್ನು ಕತ್ತಿನ ಪಟ್ಟಿ ಹಿಡಿದು ಅರಚಿ ಹೇಳುತ್ತಾರೆ.

"ಅವರಿಗೆ ಬೇಕಾಗತ್ತೇನೋ" ಎಂದ ಲೋವೆಲ್.

"ಸರಿ. ಇದೂ ಒಂಥರಾ ಬೇರೆ ಥರ" ಎಂದು ಡುವೇನ್ ಕೊನೆಯ ಎಚ್ಚರಿಕೆ ಕೊಟ್ಟು ಬಿಲ್ಲು ಬರೆದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಲೋವೆಲ್ ಮನೆ ಮುಟ್ಟಿದ. ನಾಲ್ಕಕ್ಕೆ ಸರಿಯಾಗಿ ಪಾಸ್ಟರ್ ಬಂದಳು. "ಅಯ್ಯೋ, ಎಷ್ಟು ಮುದ್ದಾಗಿವೆ!" ಎಂದು ಎರಡನ್ನೂ ಎರಡು ಕಂಕುಳಲ್ಲಿ ಇರುಕಿಕೊಂಡಳು. "ನಾಳೆ ವಾಪಸ್ ತಂದುಕೊಡ್ಲಾ?"

"ಅವಸರ ಏನಿಲ್ಲ ಪಾಸ್ಟರ್."

"ನಿಮಗೆ ಶನಿವಾರ ಬೇಕೇನೋ?"

"ಅಯ್ಯೋ, ನಿಮ್ಮ ಕೆಲಸ ಮುಗಿಸ್ಕೊಳ್ಳಿ."

"ಹಾಗಾದ್ರೆ ಸರಿ!" ಎಂದು ಅವಳು ಹೋದಳು. ಮೂರನೆಯ ಸಲ ಕೇಳುತ್ತಾಳೆಂದು ಲೋವೆಲ್ ಗೇಟಿನವರೆಗೂ ಹಿಂದೆಯೇ ನಡೆದ. ಪ್ರಯೋಜನವಾಗಲಿಲ್ಲ. ಶುಕ್ರವಾರವಿಡೀ ರಸ್ತೆ ನೋಡಿದ. ಪಾಸ್ಟರ್ ಬರಲಿಲ್ಲ. ಸಂಜೆ ಆರ್ಡಿಸ್ ಫೋನಿನಲ್ಲಿ ಫಾರ್ಗೋದ ಅಕ್ಕನಿಗೆ, "ಯಾವುದಕ್ಕೂ ಮೇಲಿನ ಕೋಣೇಲಿ ಹಾಸಿಗೆ ಹಾಸಿಡು" ಎನ್ನುತ್ತಿರುವುದು ಅವನ ಕಿವಿಗೆ ಬಿತ್ತು.

ಶನಿವಾರ ಬೆಳಿಗ್ಗೆ ಅವನು ಟ್ರೈಲರನ್ನು ಕೊಟ್ಟಿಗೆಯ ಮಣ್ಣಿನ ದಿಬ್ಬಕ್ಕೆ ಹಿಮ್ಮುಖವಾಗಿ ಒತ್ತಿ ನಿಲ್ಲಿಸಿ, ದಿಬ್ಬದ ಮೇಲಿಂದ ಯಂತ್ರವನ್ನು ಸಲೀಸಾಗಿ ಹತ್ತಿಸಿದ. ಹತ್ತಿಸಿದ್ದೇನೋ ಆಯಿತು, ನಮ್ಮ ದೊಡ್ಡ ಸ್ಮಶಾನವಾದರೋ ಊಟದ ಮೇಜಿನಂತೆ ಸಮತಟ್ಟು. ಇಳಿಸುವುದಕ್ಕೆ ಅಲ್ಲಿ ದಿಬ್ಬವೆಂಬುದೇ ಇಲ್ಲ ಎಂದು ಅವನಿಗೆ ಹೊಳೆದದ್ದು ಅಲ್ಲಿ ಹೋಗಿ ನಿಂತ ಮೇಲೆ.

ಮಂಡಳಿಯವರು ಕಾಫಿ ಲೋಟ ಹಿಡಿದು ನಿಂತಿದ್ದರು. ಅರ್ವಿಡ್ ಇದ್ದ, ಸಭೆಯ ನಡಾವಳಿ ಬರೆಯುವ ಗುಮಾಸ್ತೆ ಇದ್ದಳು, ಮಿಲ್ಫರ್ಡ್ ಇದ್ದ, ಪ್ರಸಿದ್ಧ ರ‍್ಯಾಂಪನ್ನು ನೋಡಲು ಬಂದ ಇಪ್ಪತ್ತು ಜನರಿದ್ದರು. ಪಾಲ್ಮರ್ ತನ್ನ ಟ್ರಕ್ಕಿಗೆ ಒರಗಿ ದೂರದಲ್ಲಿ ನಿಂತಿದ್ದ. ಆರ್ಡಿಸ್ ತನ್ನದೇ ಕಾರಿನಲ್ಲಿ ಬಂದಿದ್ದಳು. ಯಂತ್ರ ಮೇಲಿತ್ತು. ಹುಲ್ಲು ಕೆಳಗಿತ್ತು. ನಡುವೆ ರ‍್ಯಾಂಪಿರಲಿಲ್ಲ. ಇದು ಎಲ್ಲರಿಗೂ ಕಾಣುತ್ತಿತ್ತು, ಆದ್ದರಿಂದ ಯಾರೂ ಹೇಳಲಿಲ್ಲ.

"ಗಾಳಿ ಪರವಾಗಿಲ್ಲ ಇವತ್ತು" ಎಂದ ಅರ್ವಿಡ್.

"ನಿನ್ನೆಗಿಂತ ಕಡಿಮೆ" ಎಂದ ಲೋವೆಲ್.

"ಬುಧವಾರ ಜಾಸ್ತಿ ಇತ್ತು" ಎಂದ ಮಿಲ್ಫರ್ಡ್.

ಹೀಗೆ ನಲವತ್ತು ನಿಮಿಷ ನಡೆಯಿತು. ಗಾಳಿ ಮುಗಿದು ಮಳೆಗೆ ಬಂದರು, ಮಳೆ ಮುಗಿದು ಹೋದ ವರ್ಷದ ಹಿಮಕ್ಕೆ ಹೋದರು. ಇನ್ನೇನು ಹವಾಮಾನವೇ ಖಾಲಿಯಾಗಬೇಕು, ಅಷ್ಟರಲ್ಲಿ ಪಾಸ್ಟರ್ ಯೊಲಾಂಡಾಳ ಪಿಕಪ್ಪು ಬಂದು ನಿಂತಿತು.

"ಏನಿದು, ಯಂತ್ರ ಇನ್ನೂ ಮೇಲೇ ಇದೆ? ಅಯ್ಯೋ ದೇವರೇ, ರ‍್ಯಾಂಪು ನನ್ನ ಹತ್ರಾನೇ ಇದೆಯಲ್ಲ! ಬೇಕು ಅಂತ ಒಂದು ಮಾತು ಹೇಳ್ಬಾರ್ದಾ ಲೋವೆಲ್ ಅವರೇ?"

ಜನರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಪಾಸ್ಟರ್ ತಾನೇ ಐದಡಿಯ ಆ ಜೋಡಿಯನ್ನು ತಂದು ಟ್ರೈಲರಿನ ಅಂಚಿಗೆ ಸಿಕ್ಕಿಸಿದಳು. ರ‍್ಯಾಂಪು ಗೋಡೆಗಿಟ್ಟ ಏಣಿಯಷ್ಟೇ ಕಡಿದಾಗಿ ನಿಂತಿತು.

"ಹೂಂ. ಅದೊಂಥರಾ ಬೇರೆ ಥರ ಇದೆ" ಎಂದ ಅರ್ವಿಡ್. ಗುಂಪಿನಲ್ಲಿ ನಡುಕ ಹರಿಯಿತು.

ಲೋವೆಲ್ ಯಂತ್ರವನ್ನೇರಿ ಕೂತ. ಆರ್ಡಿಸ್‌ಳ ಕಡೆ ಒಮ್ಮೆ ನೋಡಿ ಮುಂದಕ್ಕೆ ಬಿಟ್ಟ. ಮುಂದಿನ ಚಕ್ರಗಳು ರ‍್ಯಾಂಪಿಗಿಳಿದವು, ಹಿಂದಿನವು ಇನ್ನೂ ಮೇಲಿದ್ದವು, ನಡುವೆ ಹೊಟ್ಟೆ ಟ್ರೈಲರಿನ ಅಂಚಿನ ಮೇಲೆ ಗರಕ್ಕೆಂದು ಕೂತಿತು. ಹಿಂದಿನ ಚಕ್ರಗಳು ಗಾಳಿಯಲ್ಲಿ ಗಿರಗಿರ ತಿರುಗಿದವು. ಲೋವೆಲ್ ಮುಂದೆ ಬಾಗಿದರೆ ಯಂತ್ರ ಮುಂದೆ ಬಾಗಿತು, ಹಿಂದೆ ಒರಗಿದರೆ ಹಿಂದೆ ಒರಗಿತು. ಟೌನ್‌ಶಿಪ್ಪಿನ ಪೂರ್ವಜರೆಲ್ಲ ಮಲಗಿದ್ದ ಜಾಗದಲ್ಲಿ, ಬದುಕಿದ್ದವರೆಲ್ಲರ ಕಣ್ಣೆದುರಿಗೆ, ಅರವತ್ತಾರು ವರ್ಷದ ಮನುಷ್ಯ ಮಕ್ಕಳ ಹಾಗೆ ಮೇಲೆ ಕೆಳಗೆ ಏತಪಾತ ಆಡಿದ.

"ಪರವಾಗಿಲ್ವಾ ಲೋವೆಲ್?" ಎಂದು ಅರ್ವಿಡ್ ವಿಚಾರಿಸಿದ.

"ಏನಿಲ್ಲ, ಆರಾಮ್" ಎಂದ ಲೋವೆಲ್, ಮೇಲೆ ಹೋಗುತ್ತಾ.

"ಸಹಾಯ ಬೇಕಿತ್ತಾ?"

"ಬೇಡ ಬೇಡ" ಎಂದ, ಕೆಳಗೆ ಬರುತ್ತಾ.

ಆಗ ಅವನಿಗೆ ಅಷ್ಟೆತ್ತರದಿಂದ ಎರಡು ದೃಶ್ಯಗಳು ಕಂಡವು. ಒಂದು, ಆರ್ಡಿಸ್ ಕಾರಿನ ಬೀಗದ ಕೈ ಹೊರತೆಗೆಯುತ್ತಿದ್ದಳು. ಇನ್ನೊಂದು, ಪಾಲ್ಮರನ ಟ್ರಕ್ಕಿನ ಹಿಂಭಾಗದಲ್ಲಿ ಎಂಟಡಿಯ ಬಾಗಿದ ರ‍್ಯಾಂಪಿನ ಜೊತೆ, ತೊಳೆದು ಒರೆಸಿ, ಹಗ್ಗ ಕಟ್ಟಿ ಇಟ್ಟದ್ದು. ಲೋವೆಲ್ ಕಣ್ಣುಮುಚ್ಚಿದ. ವೆಸ್ಟ್ ಬೆರ್ಗನ್‌ನಲ್ಲಿ ನೂರೈವತ್ತು ವರ್ಷದಿಂದ ಯಾರೂ ಆಡದ ಮಾತನ್ನು ಗಂಟಲು ಹರಿಯುವಂತೆ ಕೂಗಿದ.

"ಪಾಲ್ಮರ್! ನಿನ್ನ ರ‍್ಯಾಂಪು ಕೊಡೋ! ನನಗೆ ಬೇಕು ಕಣೋ!"

ಗುಮಾಸ್ತೆಯ ಕೈಯಿಂದ ಪೆನ್ನು ಜಾರಿತು. ಪಾಲ್ಮರನ ಮುಖ ಮಾತ್ರ ಹುಣ್ಣಿಮೆಯಾಯಿತು.

"ಮಂಗಳವಾರದಿಂದ ಟ್ರಕ್ಕಲ್ಲೇ ಹೊತ್ಕೊಂಡು ತಿರುಗ್ತಿದೀನಲ್ಲೋ! ಬೇಲಿ ಹತ್ರ ಎರಡು ದಿನ ಬಂದ್ನಲ್ಲ! ಬೇಡ ಅಂದೋನಿಗೆ ಮತ್ತೆ ಕೊಡೋದು ಹೇಗೆ ಅಂತ ನಿದ್ದೆ ಇಲ್ಲ ನನಗೆ!" ಎನ್ನುತ್ತಾ ಹಗ್ಗ ಬಿಚ್ಚುತ್ತಾ ಓಡಿಬಂದ. ಆ ಒಂದು ಕೂಗಿನಿಂದ ಎಲ್ಲರಿಗೂ ಏನೋ ಕಟ್ಟು ಬಿಚ್ಚಿದಂತಾಗಿತ್ತು. ಮಿಲ್ಫರ್ಡ್, ಅರ್ವಿಡ್, ಪಾಸ್ಟರ್ ಎಲ್ಲ ಸೇರಿ ಯಂತ್ರವನ್ನು ಹಿಂದಕ್ಕೆ ತಳ್ಳಿ ಟ್ರೈಲರಿನ ಮೇಲೆ ಕೂರಿಸಿದರು. ಐದಡಿಯದನ್ನು ತೆಗೆದು ಎಂಟಡಿಯದನ್ನು ಸಿಕ್ಕಿಸಿದರು. ಯಂತ್ರ ಬೆಣ್ಣೆಯ ಮೇಲೆ ಚಾಕು ಜಾರಿದಂತೆ ಕೆಳಗಿಳಿಯಿತು. ಲೋವೆಲ್ ಗೋರಿಗಳ ನಡುವೆ ಒಂದು ಸುತ್ತು ಕೊಯ್ದ. ಸಾಲು ಎಷ್ಟು ನೆಟ್ಟಗಿತ್ತೆಂದರೆ ಮಿಲ್ಫರ್ಡ್ ಬಹಿರಂಗವಾಗಿ "ಅಷ್ಟೇನೂ ಕೆಟ್ಟದಾಗಿಲ್ಲ" ಎಂದುಬಿಟ್ಟ.

ಅರ್ವಿಡ್ ಸಹೋದ್ಯೋಗಿಗಳ ಮುಖ ನೋಡಿದ. ನಿಜ ಹೇಳಬೇಕೆಂದರೆ, ಆ ಕೆಲಸಕ್ಕೆ ಲೋವೆಲ್‌ನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಅರ್ಜಿ ಹಾಕಿರಲಿಲ್ಲ. ಸೋಮವಾರವೇ ಕೊಟ್ಟುಬಿಟ್ಟರೆ ಆತುರ ಎಂದು ಕಂಡೀತೆಂದು ಈ ಪರೀಕ್ಷೆ ಇಟ್ಟಿದ್ದರು, ಅಷ್ಟೇ.

"ಲೋವೆಲ್, ಈ ಕೆಲಸ ನೀನೇ ಮಾಡ್ತೀಯೇನೋ ಅಂತ ಮಂಡಳಿಗೆ ಒಂದು ಆಲೋಚನೆ."

ಲೋವೆಲ್‌ನ ಕಣ್ಣು ತುಂಬಿ ಬಂತು. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಆದರೆ ಅರವತ್ತಾರು ವರ್ಷದ ಅಭ್ಯಾಸ ಒಂದು ಕೂಗಿಗೆ ಹೋಗುತ್ತದೆಯೇ? ಬಾಯಿ ತಾನಾಗಿಯೇ ತೆರೆಯಿತು. "ಅಯ್ಯೋ, ನನಗಿಂತ ಚೆನ್ನಾಗಿ ಮಾಡೋರು ಯಾರಾದ್ರೂ..."

"ತಗೋತಾನೆ!"

ಅಷ್ಟೂ ತಲೆ ಒಟ್ಟಿಗೆ ತಿರುಗಿದವು. ಆರ್ಡಿಸ್ ಎರಡು ಗೋರಿಗಳ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದಳು.

"ತಗೋತಾನೆ ಅರ್ವಿಡ್! ಬರ‍್ಕೋಮ್ಮ, ಬರ‍್ಕೋ" ಎಂದು ಗುಮಾಸ್ತೆಗೆ ಕೈ ಮಾಡಿದಳು. "ಮೂರು ಸ್ಮಶಾನಾನೂ ತಗೋತಾನೆ. ನಾಲ್ಕನೇದು ಎಲ್ಲಾದ್ರೂ ಇದ್ರೆ ಅದನ್ನೂ ತಗೋತಾನೆ."

"ಸೋಮವಾರದಿಂದ ಶುರು ಮಾಡಿದ್ರೂ..." ಎಂದು ಅರ್ವಿಡ್ ತಡವರಿಸಿದ.

"ಸೋಮವಾರ ಯಾಕೆ? ಹುಲ್ಲು ಇಲ್ಲೇ ಇದೆ, ಯಂತ್ರ ಇಲ್ಲೇ ಇದೆ, ಇವನೂ ಇಲ್ಲೇ ಇದಾನೆ."

ಗುಮಾಸ್ತೆ ಬರೆದುಕೊಂಡಳು. ಪಾಸ್ಟರ್ ಚಪ್ಪಾಳೆ ತಟ್ಟಿದಳು. ಆರ್ಡಿಸ್ ಗಂಡನ ಟೋಪಿಯನ್ನು ಸರಿಮಾಡಿ, ಕೆನ್ನೆಗೆ ಮುತ್ತು ಕೊಟ್ಟು, ಒಂದು ಬುತ್ತಿ ಚೀಲವನ್ನು ಅವನ ತೊಡೆಯ ಮೇಲಿಟ್ಟು, ಹಾಡು ಗುನುಗುತ್ತಾ ಕಾರು ಹತ್ತಿ ಮನೆ ಕಡೆ ಹೊರಟಳು. ಲೋವೆಲ್ ಚೀಲ ಬಿಚ್ಚಿ ನೋಡಿದ. ಮಧ್ಯಾಹ್ನದ ಊಟವಿತ್ತು. ಅದರ ಕೆಳಗೆ ಸಂಜೆಯ ಕಾಫಿ, ಕೇಕು. ಅದರ ಕೆಳಗೆ, ಬಿಸಿ ಆರದ ಹಾಗೆ ಎರಡು ಟವೆಲ್ಲಿನಲ್ಲಿ ಸುತ್ತಿ, ರಾತ್ರಿಯ ಊಟವನ್ನೂ ಇಟ್ಟಿದ್ದಳು.